ಬೆರಗಿನ ನಗರ, ಬಡವಾದ ಕಥೆ: ಫ್ರಿಟ್ಜ್ ಲ್ಯಾಂಗ್ ಮತ್ತು ‘ಮೆಟ್ರೊಪೊಲಿಸ್’

1927ರ ಜನವರಿ 10ರಂದು ಬರ್ಲಿನ್‌ನಲ್ಲಿ ‘ಮೆಟ್ರೊಪೊಲಿಸ್’ ಮೂಕಿಚಿತ್ರದ ಪ್ರಥಮ ಪ್ರದರ್ಶನ ನಡೆಯಿತು. ಹದಿನೇಳು ತಿಂಗಳ ಚಿತ್ರೀಕರಣ, 50 ಲಕ್ಷ ಮಾರ್ಕ್ ಮೀರಿದ ವೆಚ್ಚ. ಜರ್ಮನಿಯಲ್ಲಿ ಅದುವರೆಗೆ ಅಷ್ಟೊಂದು ಹಣ ನುಂಗಿದ ಚಿತ್ರ ಮತ್ತೊಂದಿರಲಿಲ್ಲ. ಹಾಕಿದ ಬಂಡವಾಳ ಮಾತ್ರ ಮರಳಲಿಲ್ಲ. ಈ ಸೋಲಿನ ಕಾರಣವನ್ನು ನಿರ್ದೇಶಕ ಫ್ರಿಟ್ಜ್ ಲ್ಯಾಂಗ್ ಬದುಕಿನುದ್ದಕ್ಕೂ ವಿವರಿಸಬೇಕಾಯಿತು.

ಲ್ಯಾಂಗ್ ಜನಿಸಿದ್ದು 1890ರ ಡಿಸೆಂಬರ್ 5ರಂದು, ವಿಯೆನ್ನಾದಲ್ಲಿ. ತಂದೆ ಕಟ್ಟಡ ನಿರ್ಮಾಣ ಉದ್ಯಮದಲ್ಲಿದ್ದವರು. ಮಗ ಎಂಜಿನಿಯರಿಂಗ್ ಬಿಟ್ಟು ಚಿತ್ರಕಲೆಯತ್ತ ಹೊರಳಿದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಚೇತರಿಸಿಕೊಳ್ಳುತ್ತಿದ್ದಾಗ ಚಿತ್ರಕಥೆ ಬರೆಯುವ ಹವ್ಯಾಸ ಅಂಟಿತು. ಅದೇ ಅವರನ್ನು ಬರ್ಲಿನ್‌ಗೆ ಕರೆತಂದಿತು. 1922ರಲ್ಲಿ ಲೇಖಕಿ ಥಿಯಾ ಫಾನ್ ಹಾರ್ಬೂ ಅವರನ್ನು ವಿವಾಹವಾದರು. ಮುಂದಿನ ಹತ್ತು ವರ್ಷಗಳ ಅವರ ಚಿತ್ರಗಳಿಗೆ ಕಥೆ ಒದಗಿಸಿದವರು ಆಕೆ.

1924ರಲ್ಲಿ ಹಡಗಿನಿಂದ ಕಂಡ ನ್ಯೂಯಾರ್ಕ್‌ನ ಗಗನಚುಂಬಿ ಕಟ್ಟಡಗಳೇ ‘ಮೆಟ್ರೊಪೊಲಿಸ್’ಗೆ ಪ್ರೇರಣೆ ಎಂದು ಲ್ಯಾಂಗ್ ಹೇಳುತ್ತಿದ್ದರು. ವಾಸ್ತವವಾಗಿ ಕಥೆಯ ಕೆಲಸ ಅದಕ್ಕೂ ಮುನ್ನವೇ ಆರಂಭವಾಗಿತ್ತು. ಮೇಲೆ ಸಿರಿವಂತರ ಉದ್ಯಾನಗಳು, ನೆಲದಡಿ ಹತ್ತು ಗಂಟೆಗಳ ಪಾಳಿಯಲ್ಲಿ ದುಡಿಯುವ ಕಾರ್ಮಿಕರು, ನಡುವೆ ಜನರನ್ನು ದಂಗೆಗೆ ಎಬ್ಬಿಸುವ ಯಂತ್ರಮಾನವಿ. ಯೂಗೆನ್ ಶುಫ್ಟಾನ್ ಕನ್ನಡಿಗಳ ಚಮತ್ಕಾರದಿಂದ ಪುಟ್ಟ ಮಾದರಿಗಳನ್ನು ಬೃಹತ್ ಸೌಧಗಳಾಗಿಸಿದರು. ಪ್ರವಾಹದ ದೃಶ್ಯಗಳಿಗಾಗಿ ಬರ್ಲಿನ್‌ನ ಬಡ ಬಡಾವಣೆಗಳ ಮಕ್ಕಳು ದಿನಗಟ್ಟಲೆ ತಣ್ಣೀರಿನಲ್ಲಿ ನಿಂತರು. ದುಡಿಯುವವರ ಸಂಕಟ ಹೇಳಹೊರಟ ಚಿತ್ರ, ಅವರ ಮಕ್ಕಳನ್ನೇ ಹೀಗೆ ದಣಿಸಿತ್ತು.

ಸೋಲಿನ ಹೊಣೆಯನ್ನು ಬಹುಕಾಲ ಕತ್ತರಿಯ ಮೇಲೆ ಹೊರಿಸಲಾಗಿತ್ತು. ಅಮೆರಿಕದ ಬಿಡುಗಡೆಗಾಗಿ ನಾಟಕಕಾರ ಚಾನಿಂಗ್ ಪೊಲಾಕ್ ಚಿತ್ರವನ್ನು ತೀವ್ರವಾಗಿ ಮೊಟಕುಗೊಳಿಸಿದರು. ನಗರದ ಒಡೆಯ ಮತ್ತು ವಿಜ್ಞಾನಿ ಇಬ್ಬರೂ ಪ್ರೀತಿಸಿದ ಹೆಲ್ ಎಂಬ ಹೆಣ್ಣಿನ ಪ್ರಸಂಗವೇ ಕಾಣೆಯಾಯಿತು. ವಿಜ್ಞಾನಿಯ ದ್ವೇಷ ಹುಚ್ಚಾಟದಂತೆ ತೋರಿತು. ಜರ್ಮನಿಯಲ್ಲೂ ಅದೇ ವರ್ಷ ಮೊಟಕಾದ ಪ್ರತಿಯೇ ಓಡಿತು.

ಲೇಖಕ ಎಚ್.ಜಿ. ವೆಲ್ಸ್ ಅವರ ಆಕ್ಷೇಪ ಬೇರೆಯೇ ಆಗಿತ್ತು. 1927ರಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅವರು ಚಿತ್ರವನ್ನು ಕಟುವಾಗಿ ಟೀಕಿಸಿದರು. ಯಂತ್ರಗಳು ಬೆಳೆದಂತೆ ಗುಲಾಮ ದುಡಿಮೆಯ ಅಗತ್ಯ ತಗ್ಗುತ್ತದೆ, ಚಿತ್ರ ಇದನ್ನೇ ಅರಿತಿಲ್ಲ ಎಂಬುದು ಅವರ ವಾದದ ಸಾರ.

2008ರಲ್ಲಿ ಬ್ಯೂನಸ್ ಐರಿಸ್‌ನ ಚಲನಚಿತ್ರ ಸಂಗ್ರಹಾಲಯದಲ್ಲಿ ಬಹುತೇಕ ಪೂರ್ಣವಾದ ಪ್ರತಿಯೊಂದು ದೊರೆಯಿತು. ಸುಮಾರು 25 ನಿಮಿಷಗಳ ದೃಶ್ಯಗಳನ್ನು ಮರಳಿ ಸೇರಿಸಿ 2010ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶಿಸಲಾಯಿತು. ಹೆಲ್ ಪ್ರಸಂಗ ಮರಳಿತು, ಕಥೆಯ ಗೊಂದಲ ಬಹುಮಟ್ಟಿಗೆ ನೀಗಿತು. ಆದರೂ ಅಂತ್ಯ ಅದೇ ಉಳಿಯಿತು. ಚರ್ಚಿನ ಬಾಗಿಲಲ್ಲಿ ಒಡೆಯ ಮತ್ತು ಮೇಸ್ತ್ರಿ ಕೈಕುಲುಕುತ್ತಾರೆ. ಒಡೆಯನ ಮಗ ಹೃದಯದ ಪರವಾಗಿ ಮಧ್ಯಸ್ಥನಾಗುತ್ತಾನೆ. ಹತ್ತು ಗಂಟೆಗಳ ಪಾಳಿ ಕಡಿಮೆಯಾಯಿತೇ, ಕಾರ್ಮಿಕರು ನೆಲದ ಮೇಲೆ ಬಂದರೇ ಎಂಬುದಕ್ಕೆ ಉತ್ತರವಿಲ್ಲ. ಎರಡೂವರೆ ಗಂಟೆ ಎತ್ತಿದ ಪ್ರಶ್ನೆಯನ್ನು ಚಿತ್ರ ಒಂದು ಹಸ್ತಲಾಘವದಲ್ಲಿ ಮುಗಿಸಿಬಿಡುತ್ತದೆ. ಕತ್ತರಿ ಮುಟ್ಟದ ಈ ಭಾಗದಲ್ಲೇ ಸೋಲಿನ ಬೇರಿದೆ.

ಇದು ಲ್ಯಾಂಗ್ ಅವರಿಗೆ ತಿಳಿಯದ್ದೇನಲ್ಲ. ಆಗ ತಮಗೆ ರಾಜಕೀಯ ಪ್ರಜ್ಞೆ ಸಾಲದಾಗಿತ್ತು, ಯಂತ್ರಗಳಲ್ಲೇ ಆಸಕ್ತಿ ಇತ್ತು, ಅಂತ್ಯವಂತೂ ಅಜ್ಜಿಕಥೆ ಎಂದು ಅವರು ಇಳಿವಯಸ್ಸಿನಲ್ಲಿ ಒಪ್ಪಿಕೊಂಡರು. 1931ರ ‘ಎಂ’ ಚಿತ್ರದಲ್ಲಿ ಅವರು ಬೆರಗಿನ ನಗರವನ್ನು ಬಿಟ್ಟು ಸಾಮಾನ್ಯ ಬೀದಿಗಿಳಿದರು. ಮಕ್ಕಳ ಹಂತಕನೊಬ್ಬನನ್ನು ಊರೇ ಬೆನ್ನಟ್ಟುವ ಆ ಕಥೆ ಸುಲಭ ಸಮಾಧಾನ ಹೇಳುವುದಿಲ್ಲ. ಇಂದಿಗೂ ಅದು ಅವರ ಶ್ರೇಷ್ಠ ಕೃತಿಗಳಲ್ಲೊಂದು.

1933ರಲ್ಲಿ ನಾಜಿ ಸರ್ಕಾರ ಅವರ ‘ಡಾ. ಮಾಬೂಸೆಯ ಮರಣಶಾಸನ’ ಚಿತ್ರವನ್ನು ನಿಷೇಧಿಸಿತು. ಅದೇ ವರ್ಷ ದಂಪತಿ ಬೇರೆಯಾದರು. ಹಾರ್ಬೂ ನಾಜಿ ಆಳ್ವಿಕೆಯಲ್ಲೇ ಉಳಿದರೆ, ಲ್ಯಾಂಗ್ ಪ್ಯಾರಿಸ್ ಮಾರ್ಗವಾಗಿ ಹಾಲಿವುಡ್ ಸೇರಿದರು. ದಶಕಗಳ ನಂತರ ಹಾರ್ಬೂ ಅವರ ಹಳೆಯ ಕಾದಂಬರಿಯೊಂದನ್ನು ಆಧರಿಸಿದ ಎರಡು ಚಿತ್ರಗಳಿಗಾಗಿ ರಾಜಸ್ಥಾನದ ಉದಯಪುರದಲ್ಲೂ ಚಿತ್ರೀಕರಣ ನಡೆಸಿದರು. ಅವು 1959ರಲ್ಲಿ ತೆರೆಕಂಡವು.

1976ರ ಆಗಸ್ಟ್ 2ರಂದು ಲ್ಯಾಂಗ್ ಬೆವರ್ಲಿ ಹಿಲ್ಸ್‌ನಲ್ಲಿ ನಿಧನರಾದರು. ಬ್ಯೂನಸ್ ಐರಿಸ್‌ನ ಪ್ರತಿ ಬೆಳಕಿಗೆ ಬರಲು ಇನ್ನೂ 32 ವರ್ಷಗಳು ಬಾಕಿಯಿದ್ದವು.