ದೀಪ ಗೊತ್ತು, ಪರದೆ ಗೊತ್ತೇ?

ನರ್ಸಿಂಗ್ ಕಾಲೇಜಿಗೆ ಸೇರಿದ ಮೊದಲ ವರ್ಷವೇ ನಮಗೆಲ್ಲ ದೀಪ ಬೆಳಗಿಸುವ ಕಾರ್ಯಕ್ರಮ ಇತ್ತು. ಬಿಳಿ ಯೂನಿಫಾರಂ ಹಾಕಿಕೊಂಡು, ಕೈಯಲ್ಲಿ ದೀಪ ಹಿಡಿದು, ಸಾಲಾಗಿ ನಿಂತು ಪ್ರಮಾಣವಚನ ಹೇಳಿದೆವು. ಅಜ್ಜಂಪುರದಿಂದ ಅಪ್ಪ, ಅಮ್ಮ ಬಂದಿದ್ದರು. ಫೋಟೊ ತೆಗೆಸಿಕೊಂಡೆವು. ಆ ದೀಪ ಫ್ಲಾರೆನ್ಸ್ ನೈಟಿಂಗೇಲ್ ಅವರ ನೆನಪಿಗೆ ಎನ್ನುವುದು ಗೊತ್ತಿತ್ತು, ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ನಾವು ಹೇಳಿದ ಪ್ರಮಾಣವಚನ ಆಕೆ ಬರೆದದ್ದೇ ಅಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬೇರೆಯವರು ಬರೆದು ಆಕೆಯ ಹೆಸರಿಟ್ಟದ್ದು ಎಂದು ತಿಳಿದದ್ದೂ ಎಷ್ಟೋ ದಿನದ ಮೇಲೆ.

ಆಕೆಯ ಬಗ್ಗೆ ಓದುವಂತೆ ಮಾಡಿದ್ದು ನನ್ನ ಅಜ್ಜಿ. ನಮ್ಮ ಕಡೆ ಕಾಯಿಲೆ ಜೋರಾದರೆ ಅಜ್ಜಂಪುರದಿಂದ ತರೀಕೆರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಓಡುತ್ತೇವೆ. ಕಡೂರಿನವರಾದರೆ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗುತ್ತಾರೆ. ಹಾಗೆ ಓಡಿದ ಒಂದು ಆಸ್ಪತ್ರೆಯಲ್ಲಿ ಅಜ್ಜಿಯ ಜೊತೆ ನಾಲ್ಕು ರಾತ್ರಿ ಕೂತಿದ್ದೆ. ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿತು, ಡ್ರಿಪ್ ಸರಿಯಾಗಿ ಹೋಯಿತು, ಅಜ್ಜಿ ಗುಣವಾಗಿ ಮನೆಗೂ ಬಂದರು. ಆದರೆ ಮನೆಗೆ ಬಂದ ಮೇಲೆ ಅವರು ಹೇಳಿದ್ದು ಎರಡೇ ಮಾತು. ಡಾಕ್ಟರು ಯಾವಾಗ ಬರುತ್ತಾರೆಂದು ಯಾರೂ ಹೇಳಲಿಲ್ಲವಂತೆ. ಪಕ್ಕದ ಮಂಚದವರ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ ಮಧ್ಯೆ ಒಂದು ಪರದೆಯೂ ಇಲ್ಲದೆ, ದಿನಾ ಕಣ್ಣು ಮುಚ್ಚಿಕೊಂಡು ಮಲಗಬೇಕಾಯಿತಂತೆ.

ನೈಟಿಂಗೇಲ್ ಅವರ ಜೀವನ ಓದುತ್ತಾ ಹೋದಾಗ ನನಗೆ ಸಿಕ್ಕಿದ್ದು ಈ ಎರಡೇ ಮಾತು.

ಆಕೆ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ಮನೆ ಇಂಗ್ಲೆಂಡಿನ ಭಾರಿ ಶ್ರೀಮಂತರದು. ತಂದೆಯೇ ಕೂರಿಸಿಕೊಂಡು ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ವಶಾಸ್ತ್ರ ಕಲಿಸಿದರು. ಆಕೆಗೆ ಇಷ್ಟವಾದದ್ದು ಗಣಿತ. ಹದಿನಾರು ಹದಿನೇಳರ ವಯಸ್ಸಿಗೇ ದೇವರು ತನ್ನನ್ನು ಸೇವೆಗೆ ಕರೆದಿದ್ದಾನೆ ಎಂಬ ನಂಬಿಕೆ ಬಂದುಬಿಟ್ಟಿತ್ತು. ನರ್ಸ್ ಆಗುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ರಂಪವಾಯಿತು. ಆ ಕಾಲದಲ್ಲಿ ಅಲ್ಲಿ ನರ್ಸ್ ಎಂದರೆ ಓದುಬರಹವಿಲ್ಲದ, ಕುಡಿತದ ಹೆಂಗಸರು ಎಂಬ ಭಾವನೆ ಇತ್ತು. ನಮ್ಮ ಊರುಗಳಲ್ಲಿ ಈಗಲೂ ಹುಡುಗಿ ನರ್ಸಿಂಗ್ ಸೇರುತ್ತೇನೆ ಎಂದರೆ ನೈಟ್ ಡ್ಯೂಟಿ ಇರುತ್ತಲ್ಲ ಎಂದು ಹುಬ್ಬೇರಿಸುವವರಿದ್ದಾರೆ. ಹಾಗಾಗಿ ಆ ರಂಪ ಹೇಗಿತ್ತೆಂದು ಊಹಿಸುವುದು ನಮಗೇನೂ ಕಷ್ಟವಲ್ಲ. ಆಕೆ ಮದುವೆ ಬೇಡವೆಂದರು, ವರ್ಷಗಟ್ಟಲೆ ಕಾದರು. ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ತರಬೇತಿ ಪಡೆಯುವ ಹೊತ್ತಿಗೆ 31 ವರ್ಷವಾಗಿತ್ತು. 1853ರಲ್ಲಿ ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಣೆ ಸಿಕ್ಕಿತು. ಕೆಲಸ ಸಿಗುವುದು ತಡವಾಯಿತೆಂದು ಕೊರಗುವ ಗೆಳೆಯರು ಈ ವಯಸ್ಸನ್ನು ಗಮನಿಸಬಹುದು.

ಮರುವರ್ಷವೇ ಕ್ರಿಮಿಯಾ ಯುದ್ಧ. ಗಾಯಗೊಂಡ ಇಂಗ್ಲಿಷ್ ಸೈನಿಕರನ್ನು ಹಡಗಿನಲ್ಲಿ ತಂದು, ಇಂದಿನ ಇಸ್ತಾಂಬುಲ್‌ಗೆ ಸೇರಿದ ಸ್ಕುಟಾರಿಯ ಬ್ಯಾರಕ್ಕಿನಲ್ಲಿ ಮಲಗಿಸುತ್ತಿದ್ದರು. 38 ಮಂದಿ ನರ್ಸ್‌ಗಳನ್ನು ಕರೆದುಕೊಂಡು ನೈಟಿಂಗೇಲ್ ಅಲ್ಲಿಗೆ ತಲುಪಿದ್ದು 1854ರ ನವೆಂಬರ್ ಮೊದಲ ವಾರ. ಮಂಚಗಳ ಸಾಲು ಮೈಲಿಗಟ್ಟಲೆ ಇತ್ತು. ಬಟ್ಟೆ ಇಲ್ಲ, ಬಟ್ಟಲಿಲ್ಲ, ಸೋಪಿಲ್ಲ. ಎಲ್ಲಿ ನೋಡಿದರೂ ಹೇನು, ಇಲಿ. ಸೇನೆಯ ಡಾಕ್ಟರುಗಳಿಗೆ ಈ ಹೆಂಗಸರು ಬಂದದ್ದೇ ಇಷ್ಟವಿರಲಿಲ್ಲ.

ಬಂದ ಕೆಲವೇ ದಿನಗಳಲ್ಲಿ ಆಕೆ ಕಂಡದ್ದು ಇದು. ಕೈಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆ ವಾರ್ಡಿನ ಮಧ್ಯದಲ್ಲೇ, ಎಲ್ಲರ ಕಣ್ಣೆದುರಿಗೇ ನಡೆಯುತ್ತಿತ್ತು. ಒಬ್ಬ ಸೈನಿಕ ಇವತ್ತು ಗೆಳೆಯ ಕತ್ತಿಯ ಕೆಳಗೆ ಸಾಯುವುದನ್ನು ನೋಡುತ್ತಾನೆ, ನಾಳೆ ಅವನದೇ ಸರದಿ. ಆಕೆ ಕೂಡಲೇ ಒಂದು ಪರದೆಗೆ ವ್ಯವಸ್ಥೆ ಮಾಡಿದರು. ಒಂದು ಸಾದಾ ಪರದೆ, ಅಷ್ಟೆ. ದೀಪದ ಬಗ್ಗೆ ಕವಿಗಳು ಬರೆದರು, ಪತ್ರಿಕೆಗಳು ಚಿತ್ರ ಹಾಕಿದವು. ಪರದೆಯ ಬಗ್ಗೆ ಯಾರೂ ಹಾಡಲಿಲ್ಲ. ನನಗಂತೂ ನರ್ಸಿಂಗ್ ಶುರುವಾದದ್ದು ಅಲ್ಲೇ ಅನ್ನಿಸುತ್ತದೆ. ನೋವು ಗಾಯದಲ್ಲಿ ಮಾತ್ರ ಇಲ್ಲ, ಮುಂದೇನು ಎಂಬ ಹೆದರಿಕೆಯಲ್ಲೂ ಇದೆ, ಆ ಹೆದರಿಕೆಯನ್ನು ಕಡಿಮೆ ಮಾಡುವುದೂ ನರ್ಸಿನ ಕೆಲಸವೇ ಎಂದು ಆಕೆಗೆ ಹೊಳೆದಿತ್ತು.

ಹಾಗೆಂದು ಬರೀ ಕಣ್ಣೀರು ಒರೆಸುತ್ತಾ ಕೂರಲಿಲ್ಲ. ಅಡುಗೆಮನೆ ಸರಿಪಡಿಸಿದರು, ಬಟ್ಟೆ ಒಗೆಯಲು ಏರ್ಪಾಡು ಮಾಡಿದರು. ಸಾಯುತ್ತಿದ್ದವರ ಪರವಾಗಿ ಅವರ ಮನೆಗೆ ಪತ್ರ ಬರೆದರು. ಗುಣವಾಗುತ್ತಿದ್ದ ಸೈನಿಕರಿಗೆ ಓದುವ ಕೋಣೆ ಮಾಡಿಸಿದರು. ಸಂಬಳವನ್ನೆಲ್ಲ ಕುಡಿದು ಕಳೆಯುತ್ತಿದ್ದವರು ಅದನ್ನು ಊರಿಗೆ ಕಳಿಸಲು ದಾರಿ ಮಾಡಿಕೊಟ್ಟರು. ರಾತ್ರಿ ಡಾಕ್ಟರುಗಳು ಹೋದ ಮೇಲೆ ದೀಪ ಹಿಡಿದು ಒಬ್ಬರೇ ಸುತ್ತು ಹಾಕುತ್ತಿದ್ದರು. ಚಿತ್ರಗಳಲ್ಲಿ ಕಾಣುವ ಅಲ್ಲಾವುದ್ದೀನನ ದೀಪದಂಥದ್ದಲ್ಲ ಅದು. ಮಡಿಚಿಡಬಹುದಾದ ತುರ್ಕಿ ಲಾಂದ್ರ.

ಇಷ್ಟೆಲ್ಲ ಮಾಡಿದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ. 1855ರ ಫೆಬ್ರುವರಿಯಲ್ಲಿ ಸ್ಕುಟಾರಿಯ ಸಾವಿನ ಪ್ರಮಾಣ ಶೇ 42ರಷ್ಟಿತ್ತು. ಮಾರ್ಚ್‌ನಲ್ಲಿ ಲಂಡನ್ನಿನಿಂದ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದ ಕೆಳಗಿದ್ದ ಚರಂಡಿಗಳನ್ನು ತೊಳೆಸಿ, ಗಾಳಿಯಾಡುವಂತೆ ಮಾಡಿದರು. ಜೂನ್ ಹೊತ್ತಿಗೆ ಅದು ಶೇ 2ರ ಆಸುಪಾಸಿಗೆ ಇಳಿಯಿತು. ಯುದ್ಧ ಮುಗಿದ ಮೇಲೆ ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ಹಾಕಿದಾಗ, ಗಾಯದಿಂದ ಸತ್ತವರಿಗಿಂತ ರೋಗದಿಂದ ಸತ್ತವರೇ ಹಲವು ಪಟ್ಟು ಹೆಚ್ಚೆಂದು ತೋರಿತು. ಪ್ರೀತಿಯಿಂದ ನೋಡಿಕೊಂಡರೂ ಗಲೀಜು ಕೊಲ್ಲುತ್ತದೆ. ಆಕೆ ಆ ಲೆಕ್ಕವನ್ನು ಮುಚ್ಚಿಡಲಿಲ್ಲ. ಬಣ್ಣದ ವೃತ್ತಚಿತ್ರ ಮಾಡಿ ಸರ್ಕಾರದ ಮುಂದಿಟ್ಟರು. ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಮಹಿಳೆ ಆಕೆಯೇ.

ಇಲ್ಲಿಂದ ಮುಂದಿನದು ನನಗೆ ಬಹಳ ಹಿಡಿಸಿದ ಭಾಗ. ಕ್ರಿಮಿಯಾದಲ್ಲಿ ಹತ್ತಿದ ಜ್ವರ ಆಕೆಯ ಆರೋಗ್ಯವನ್ನು ಕೆಡಿಸಿತ್ತು. 1857ರ ನಂತರ ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದರು. ಜಗತ್ತಿನ ಅತ್ಯಂತ ಹೆಸರಾಂತ ನರ್ಸ್ ತಾನೇ ರೋಗಿಯಾದರು. ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಪುಟ್ಟ ಪುಸ್ತಕ ಹೊರಬಂದದ್ದು ಆ ದಿನಗಳಲ್ಲಿ, 1859ರಲ್ಲಿ. ಅದು ಕಾಲೇಜಿನ ಪಠ್ಯವಲ್ಲ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗಾಗಿ ಬರೆದದ್ದು.

ಅದರಲ್ಲಿ ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ. ಗಾಳಿ, ಬೆಳಕು, ಊಟ, ಹಾಸಿಗೆಯ ಜೊತೆಗೆ ಸದ್ದಿನ ಬಗ್ಗೆಯೇ ಒಂದು ಅಧ್ಯಾಯವಿದೆ. ರೋಗಿಯ ಕೋಣೆಯಲ್ಲಿ ಅವರಿಗೆ ಅರ್ಧಂಬರ್ಧ ಕೇಳುವಂತೆ ಪಿಸುಗುಟ್ಟಬಾರದು ಎನ್ನುತ್ತಾರೆ. ಏಕೆಂದರೆ ಅದು ತನ್ನ ಬಗ್ಗೆಯೇ ಎಂದು ರೋಗಿ ಕಿವಿಗೊಟ್ಟು ಸುಸ್ತಾಗುತ್ತಾರೆ. ಮಾತಾಡುವಾಗ ಅವರು ಕತ್ತು ತಿರುಗಿಸದೆ ಕಾಣುವ ಜಾಗದಲ್ಲಿ ಕೂರಬೇಕು. ಮಂಚಕ್ಕೆ ಒರಗಬಾರದು, ಅಲುಗಾಡಿಸಬಾರದು. ಹೊರಗೆ ಹೋಗುವಾಗ ಯಾವಾಗ ಬರುತ್ತೇನೆಂದು ಹೇಳಿ ಹೋಗಬೇಕು. ಕಾಯುವುದು, ಏನಾಗುತ್ತದೋ ಎಂಬ ಅನಿಶ್ಚಿತತೆ, ತಟ್ಟನೆ ಬೀಳುವ ಬೆಚ್ಚು, ಇವು ದೈಹಿಕ ಶ್ರಮಕ್ಕಿಂತ ಹೆಚ್ಚಾಗಿ ರೋಗಿಯನ್ನು ಬಳಲಿಸುತ್ತವೆ ಎಂಬುದು ಆಕೆಯ ಮಾತಿನ ಸಾರ. ನಮ್ಮ ಅಜ್ಜಿ ಹೇಳಿದ್ದು ಬೇರೇನು?

ನೋಡಲು ಬಂದವರ ಬಗ್ಗೆಯೂ ಬಿಟ್ಟಿಲ್ಲ. ಏನೂ ಆಗಲ್ಲ, ನಾಳೆಗೇ ಎದ್ದು ಓಡಾಡುತ್ತೀರಿ ಎಂದು ಸುಳ್ಳು ಧೈರ್ಯ ಹೇಳುವವರು, ಬಂದವರೆಲ್ಲ ಒಂದೊಂದು ಔಷಧಿ ಸೂಚಿಸುವವರು, ಇವರಿಂದ ರೋಗಿಗಾಗುವ ಹಿಂಸೆಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಓದುವಾಗ ನನಗೆ ಎಳನೀರು, ಬ್ರೆಡ್ಡು ಹಿಡಿದು ತಂಡವಾಗಿ ವಾರ್ಡಿಗೆ ಬರುವ ನಮ್ಮ ನೆಂಟರ ನೆನಪಾಗಿ ನಗು ಬಂತು. ಆದರೆ ಬೇಸರ ಕಳೆಯಲು ಬಣ್ಣದ ಹೂವು, ಕಿಟಕಿಯಾಚೆಯ ನೋಟ, ಒಂದು ಪುಟ್ಟ ಸಾಕುಪ್ರಾಣಿ ಒಳ್ಳೆಯದು ಎನ್ನುತ್ತಾರೆ. ಆಕೆಯೇ ಹಿಂದೆ ಅಥೀನಾ ಎಂಬ ಗೂಬೆಮರಿಯನ್ನು ಜೇಬಿನಲ್ಲಿಟ್ಟುಕೊಂಡು ಸಾಕಿದ್ದವರು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನಿಧಿಯಿಂದ ನರ್ಸಿಂಗ್ ಶಾಲೆ ಶುರುವಾಯಿತು. ಒಳ್ಳೆಯ ಮನಸ್ಸಿದ್ದರೆ ಸಾಕು ಎಂಬುದನ್ನು ಆಕೆ ಒಪ್ಪುತ್ತಿರಲಿಲ್ಲ. ತರಬೇತಿ ಬೇಕು, ಸಂಬಳ ಬೇಕು, ನೋಡಿದ್ದನ್ನು ನಿಖರವಾಗಿ ಬರೆದಿಡುವ ಅಭ್ಯಾಸ ಬೇಕು. ಎಲ್ಲದರಲ್ಲೂ ಸರಿ ಇದ್ದರು ಎಂದಲ್ಲ. ರೋಗಾಣುಗಳ ಸಿದ್ಧಾಂತವನ್ನು ಒಪ್ಪಲು ಬಹಳ ತಡಮಾಡಿದರು. ನರ್ಸ್‌ಗಳಿಗೆ ಸರ್ಕಾರಿ ನೋಂದಣಿ ಬೇಕೆಂದು ಉಳಿದವರು ಕೇಳಿದಾಗ ವಿರೋಧಿಸಿದರು. ಇಂದು ನೋಂದಣಿ ಸಂಖ್ಯೆ ಇಲ್ಲದೆ ನಮಗೆ ಯಾರೂ ಕೆಲಸ ಕೊಡುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಆಕೆಯ ಪಕ್ಷವಲ್ಲ.

ಭಾರತಕ್ಕೆ ಆಕೆ ಒಮ್ಮೆಯೂ ಬರಲಿಲ್ಲ. ಆದರೂ ಹಾಸಿಗೆಯಿಂದಲೇ ಇಲ್ಲಿನ ದಂಡಿನ ಊರುಗಳಿಗೆ ಪ್ರಶ್ನಾವಳಿ ಕಳಿಸಿ, ನೀರು, ಚರಂಡಿ, ಬ್ಯಾರಕ್ಕುಗಳ ಮಾಹಿತಿ ತರಿಸಿಕೊಂಡರು. ಆ ವರದಿ ಬಂದದ್ದು 1863ರಲ್ಲಿ. ಸಾವಿರಕ್ಕೆ 69 ಇದ್ದ ಇಲ್ಲಿನ ಬ್ರಿಟಿಷ್ ಸೈನಿಕರ ಸಾವು ಹತ್ತು ವರ್ಷದಲ್ಲಿ 18ಕ್ಕೆ ಇಳಿಯಿತು. ಆಮೇಲೆ ಆಕೆಯ ಗಮನ ಸೈನಿಕರಿಂದ ರೈತರ ಕಡೆಗೆ ತಿರುಗಿತು. 1876ರಿಂದ 78ರವರೆಗಿನ ಬರ ಮದರಾಸು, ಮೈಸೂರು ಸೀಮೆಗಳನ್ನು ಬರಿದು ಮಾಡಿದಾಗ, ನೀರಾವರಿಯಾಗಬೇಕು, ರೈತನನ್ನು ಸಾಲದಿಂದ ಬಿಡಿಸಬೇಕು ಎಂದು ಲಂಡನ್ನಿನ ಪತ್ರಿಕೆಯಲ್ಲಿ ಬರೆದರು. ಆಗ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಮಳೆ ಕೈಕೊಟ್ಟರೆ ಕೆರೆಯನ್ನೇ ನೋಡುತ್ತಾ ಕೂರುವ ಕಡೂರಿನ ಬಯಲಿನವರಿಗೆ, ಆಸ್ಪತ್ರೆಗೆ ಬರುವ ಮೊದಲೇ ಕಾಯಿಲೆ ಶುರುವಾಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. ಅಷ್ಟರಲ್ಲಿ ಕಣ್ಣು ಕಾಣುತ್ತಿರಲಿಲ್ಲ. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ರಾಜರು, ಕವಿಗಳು ಮಲಗಿರುವ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ಜಾಗ ಕೊಡುತ್ತೇವೆ ಎಂದದ್ದನ್ನು ಮನೆಯವರು ಬೇಡವೆಂದರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ತಂದೆತಾಯಿಯ ಪಕ್ಕ ಮಣ್ಣು ಮಾಡಿದರು. ಕಲ್ಲಿನ ಮೇಲೆ ಆಕೆಗೆಂದು ಇರುವುದು ಎರಡು ಅಕ್ಷರ, ಹುಟ್ಟಿದ ಮತ್ತು ತೀರಿದ ಕಾಲ.

ಈಗ ನನ್ನದು ವಾರ್ಡಿನ ಪೋಸ್ಟಿಂಗ್. ಮೊನ್ನೆ ತರೀಕೆರೆ ಕಡೆಯ ಒಬ್ಬ ಅಜ್ಜ ಬಿ.ಪಿ. ನೋಡುವಾಗ ಸ್ಕ್ಯಾನಿಂಗಿಗೆ ಯಾವಾಗ ಕರೀತಾರಮ್ಮ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮೊದಲಾಗಿದ್ದರೆ ಕರೀತಾರೆ ಇರಿ ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಹೋಗಿ ಸಿಸ್ಟರ್‌ನ ಕೇಳಿಕೊಂಡು ಬಂದೆ. ಊಟ ಆದ ಮೇಲೆ, ಎರಡು ಗಂಟೆ ದಾಟುತ್ತೆ ಅಜ್ಜ ಎಂದೆ. ಅವರು ಹೊದಿಕೆ ಎಳೆದುಕೊಂಡು ಮಗ್ಗುಲಾದರು.