ವಿಮಾನದ ಬಲ ಲೆಕ್ಕ ಹಾಕಿದ ಕಾದಂಬರಿಕಾರ ನೆವಿಲ್ ಶೂಟ್

ಬಸ್ಸು ರಸ್ತೆಗೆ ಇಳಿಯಬೇಕಾದರೆ ಎಫ್‌ಸಿ ಬೇಕು. ಆ ಕಾಗದವನ್ನು ಬಸ್ಸಿನ ಮಾಲೀಕರೇ ಬರೆದುಕೊಳ್ಳುವಂತಿದ್ದರೆ ಅದರಲ್ಲಿ ಕೂರಲು ಯಾರಿಗೆ ಧೈರ್ಯ ಬಂದೀತು? 1930ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹೊರಟ ದೊಡ್ಡ ವಾಯುನೌಕೆಯೊಂದು ದಾರಿಯಲ್ಲೇ ಬಿದ್ದು 48 ಜನ ಸತ್ತರು. ಅದರ ಯೋಗ್ಯತಾ ಪತ್ರದ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ ಇತ್ತು. ಈ ಕಥೆಯನ್ನು ಜಗತ್ತಿಗೆ ಗಟ್ಟಿಯಾಗಿ ಹೇಳಿದವರಲ್ಲಿ ನೆವಿಲ್ ಶೂಟ್ ಒಬ್ಬರು. ಓದುಗರಿಗೆ ಅವರು ಎ ಟೌನ್ ಲೈಕ್ ಆಲಿಸ್, ಆನ್ ದ ಬೀಚ್ ಕಾದಂಬರಿಗಳ ಲೇಖಕರು. ಆದರೆ ಅವರ ಮೊದಲ ಕಸುಬು ವಿಮಾನ ಎಂಜಿನಿಯರಿಂಗ್.

ಅವರ ಪೂರ್ತಿ ಹೆಸರು ನೆವಿಲ್ ಶೂಟ್ ನಾರ್ವೆ. 1899ರ ಜನವರಿ 17ರಂದು ಲಂಡನ್ ಪಕ್ಕದ ಈಲಿಂಗ್‌ನಲ್ಲಿ ಹುಟ್ಟಿದರು. ಚಿಕ್ಕಂದಿನಿಂದಲೂ ಮಾತು ತೊದಲುತ್ತಿತ್ತು. ಆಕ್ಸ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿ 1922ರಲ್ಲಿ ಮೂರನೇ ದರ್ಜೆಯಲ್ಲಿ ಪಾಸಾದರು. ಡಿ ಹ್ಯಾವಿಲೆಂಡ್ ವಿಮಾನ ಕಂಪನಿಯಲ್ಲಿ ಸ್ವಲ್ಪ ಕಾಲ ದುಡಿದರು. ರಾತ್ರಿ ಹೊತ್ತು ಕಥೆ ಬರೆಯುತ್ತಿದ್ದರು. ಕಥೆ ಬರೆಯುವವನ ಲೆಕ್ಕವನ್ನು ಯಾರೂ ನಂಬಲಾರರು ಎಂಬ ಅಂಜಿಕೆಯಿಂದ ಪುಸ್ತಕಗಳಿಗೆ ನಾರ್ವೆ ಎಂಬ ಮನೆತನದ ಹೆಸರನ್ನು ಹಾಕಲಿಲ್ಲ.

ಲೆಕ್ಕವೇ ಹಾಕಿರಲಿಲ್ಲ!

1924ರಲ್ಲಿ ಅವರು ವಿಕರ್ಸ್ ಕಂಪನಿಯ ವಾಯುನೌಕೆ ಕೆಲಸಕ್ಕೆ ಸೇರಿದರು. ಲೋಹದ ಚೌಕಟ್ಟಿನೊಳಗೆ ಜಲಜನಕ ತುಂಬಿದ ಚೀಲಗಳನ್ನು ಇಟ್ಟು, ಮೇಲೆ ಬಟ್ಟೆ ಹೊದಿಸಿದ ಹಾರುವ ಹಡಗು ಅದು. ಕೆಲಸಕ್ಕೆ ಸೇರಿದವರು ಮೊದಲು ಹಳೆಯ ಅಪಘಾತದ ವರದಿ ಓದಿದರು. 1921ರ ಆಗಸ್ಟ್ 24ರಂದು ಹಲ್ ನಗರದ ಬಳಿ ಆರ್ 38 ಎಂಬ ವಾಯುನೌಕೆ ತಿರುವು ಪರೀಕ್ಷೆಯ ವೇಳೆ ನಡುವೆ ಮುರಿದು ಬಿದ್ದು 44 ಜನ ಸತ್ತಿದ್ದರು. ಹಾರುವಾಗ ಗಾಳಿ ಒತ್ತುವ ಬಲವನ್ನು ವಿನ್ಯಾಸಕಾರರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂದು ವರದಿ ಹೇಳಿತ್ತು. ಇದನ್ನು ಓದಿ ಶೂಟ್ ದಂಗಾದರು.

ಇದೇನು ದೊಡ್ಡ ವಿಷಯ ಎನ್ನಬಹುದು. ನಿಂತ ಎತ್ತಿನ ಗಾಡಿಯ ಅಚ್ಚಿನ ಮೇಲೆ ಮೂಟೆಗಳ ತೂಕವಷ್ಟೇ ಬೀಳುತ್ತದೆ. ಅದೇ ಗಾಡಿ ಓಡುತ್ತಾ ಗುಂಡಿಗೆ ಇಳಿದರೆ ಅಚ್ಚು ಅದರ ಎಷ್ಟೋ ಪಟ್ಟು ಹೊಡೆತ ತಾಳಬೇಕು. ಆಕಾಶದಲ್ಲಿ ಗಾಳಿಯ ಹೊಡೆತ, ತಿರುವು, ಏರಿಳಿತಗಳೇ ಗುಂಡಿಗಳು. ಬರಬಹುದಾದ ಅತಿ ದೊಡ್ಡ ಹೊಡೆತ ಯಾವುದು, ಅದು ಯಾವ ತೊಲೆಯ ಮೇಲೆ ಎಷ್ಟು ಬೀಳುತ್ತದೆ, ಆ ಲೋಹ ಎಷ್ಟು ತಾಳುತ್ತದೆ ಎಂದು ಮೊದಲೇ ಕಂಡುಕೊಳ್ಳಬೇಕು. ಅದರ ಮೇಲೆ ಇನ್ನಷ್ಟು ಬಲವನ್ನು ಕೈಕಾವಲಿಗೆ ಇಟ್ಟುಕೊಳ್ಳಬೇಕು. ಹಾಗೆಂದು ಎಲ್ಲವನ್ನೂ ದಪ್ಪ ಮಾಡಿದರೆ ತೂಕ ಹೆಚ್ಚಿ ನೌಕೆ ಮೇಲೇಳುವುದೇ ಇಲ್ಲ.

ಆರ್ 100 ಎಂಬ ಹೊಸ ನೌಕೆಯ ವಿನ್ಯಾಸಕಾರರು ಬಾರ್ನ್ಸ್ ವಾಲಿಸ್. ಅವರ ಕೈಕೆಳಗೆ ಶೂಟ್ ಮುಖ್ಯ ಲೆಕ್ಕಿಗರು. ಕಂಪ್ಯೂಟರ್ ಇಲ್ಲದ ಕಾಲ. ಸ್ಲೈಡ್ ರೂಲ್ ಎಂಬ ಗಣಿತದ ಪಟ್ಟಿ ಹಿಡಿದು ಇಬ್ಬರು ಕೂತರೆ, ಒಂದು ಅಡ್ಡ ಚೌಕಟ್ಟಿನ ಲೆಕ್ಕಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತಿತ್ತು. ಯಾವ ತಂತಿ ಬಿಗಿಯಾಗಿದೆ, ಯಾವುದು ಸಡಿಲವಾಗಿದೆ ಎಂದು ಊಹಿಸಿ ಲೆಕ್ಕ ಶುರು ಮಾಡಬೇಕಿತ್ತು. ಊಹೆ ತಪ್ಪಾಗಿದ್ದರೆ ಮತ್ತೆ ಮೊದಲಿನಿಂದ ಮಾಡಬೇಕು. ತೊಲೆಗಳಿಗೆ ಬಳಸಿದ್ದು ಡ್ಯುರಾಲುಮಿನ್. ಅಲ್ಯೂಮಿನಿಯಂಗೆ ತಾಮ್ರ ಮುಂತಾದವನ್ನು ಬೆರೆಸಿದ ಹಗುರ, ಗಟ್ಟಿ ಲೋಹ. 1930ರ ಜುಲೈ ಕೊನೆಯಲ್ಲಿ ಆರ್ 100 ಕೆನಡಾಕ್ಕೆ ಹಾರಿ, ಆಗಸ್ಟ್‌ನಲ್ಲಿ ಸುರಕ್ಷಿತವಾಗಿ ಮರಳಿತು. ಲೆಕ್ಕ ಹಾಕಿದ ಶೂಟ್ ಕೂಡ ಅದರಲ್ಲೇ ಪ್ರಯಾಣ ಮಾಡಿದ್ದರು.

ಭಾರತಕ್ಕೆ ಹೊರಟ ನೌಕೆ

ಅದೇ ಹೊತ್ತಿಗೆ ಬ್ರಿಟಿಷ್ ಸರ್ಕಾರ ತಾನೇ ಕಟ್ಟಿದ್ದು ಆರ್ 101. ಚೌಕಟ್ಟು ಗಟ್ಟಿಯಾಗಿತ್ತು, ಆದರೆ ತೂಕ ಮಿತಿ ಮೀರಿತ್ತು. ಎತ್ತುವ ಶಕ್ತಿ ಸಾಲದೆ ನೌಕೆಯನ್ನು ನಡುವೆ ಕತ್ತರಿಸಿ, ಇನ್ನೊಂದು ಭಾಗ ಸೇರಿಸಿ ಉದ್ದ ಮಾಡಿದರು. ಅನಿಲದ ಚೀಲಗಳು ಚೌಕಟ್ಟಿಗೆ ಉಜ್ಜಿ ತೂತು ಬೀಳುತ್ತಿದ್ದವು. ಹೊರಗಿನ ಬಟ್ಟೆಯೂ ತೊಂದರೆ ಕೊಟ್ಟಿತ್ತು. ಮಾರ್ಪಾಟಿನ ನಂತರ ಪೂರ್ಣ ವೇಗದ ಪರೀಕ್ಷೆ ಆಗಲೇ ಇಲ್ಲ. ಆದರೆ ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ ಅದರಲ್ಲಿ ಕರಾಚಿಗೆ ಹೋಗಿ ಅಕ್ಟೋಬರ್ ತಿಂಗಳೊಳಗೆ ಲಂಡನ್ ಸಭೆಗೆ ಮರಳಬೇಕಿತ್ತು. ಯೋಗ್ಯತಾ ಪತ್ರ ಕೈಗೆ ಬಂದದ್ದು ಹೊರಡುವ ದಿನವೇ. ನೌಕೆ ಕಟ್ಟಿದ್ದೂ ಅದೇ ಮಂತ್ರಾಲಯ, ಪತ್ರ ಕೊಟ್ಟದ್ದೂ ಅದೇ ಮಂತ್ರಾಲಯ.

1930ರ ಅಕ್ಟೋಬರ್ 4ರ ಸಂಜೆ ಮಳೆಗಾಳಿಯ ನಡುವೆ ಅದು ಹೊರಟಿತು. ಮರುದಿನ ನಸುಕಿನ ಎರಡರ ಸುಮಾರಿಗೆ ಫ್ರಾನ್ಸ್‌ನ ಬೋವೆ ಊರಿನ ಬಳಿ ಗುಡ್ಡಕ್ಕೆ ತಾಗಿ ಉರಿದುಹೋಯಿತು. 54 ಜನರಲ್ಲಿ ಮಂತ್ರಿಯೂ ಸೇರಿ 48 ಜನ ತೀರಿಕೊಂಡರು. ಮುಂಭಾಗದ ಹೊದಿಕೆ ಹರಿದು ಅನಿಲ ಸೋರಿರಬೇಕೆಂದು ತನಿಖೆ ಹೇಳಿತು. ಇದಾದ ಮೇಲೆ ಸರ್ಕಾರ ವಾಯುನೌಕೆಯ ಸಹವಾಸವೇ ಬೇಡವೆಂದಿತು. ಕೆನಡಾಕ್ಕೆ ಹೋಗಿ ಬಂದ ಆರ್ 100 ಕೂಡ ಗುಜರಿಗೆ ಹೋಯಿತು. 1954ರಲ್ಲಿ ಬಂದ ಸ್ಲೈಡ್ ರೂಲ್ ಎಂಬ ಆತ್ಮಕಥೆಯಲ್ಲಿ ಶೂಟ್ ಇದನ್ನೆಲ್ಲ ಬಿಚ್ಚಿಟ್ಟರು. ಎದುರು ಪಾಳಯದವರಾದ್ದರಿಂದ ಅವರ ಮಾತು ಏಕಪಕ್ಷೀಯ ಎಂದು ಟೀಕಿಸಿದವರೂ ಇದ್ದಾರೆ. ಪರೀಕ್ಷೆ ಮುಗಿಯುವ ಮೊದಲೇ ನೌಕೆ ಹೊರಟದ್ದು ಮಾತ್ರ ನಿಜ.

ಲೋಹಕ್ಕೂ ದಣಿವು

1931ರಲ್ಲಿ ಯಾರ್ಕ್ ನಗರದ ಹಳೆಯ ಬಸ್ ಗ್ಯಾರೇಜಿನಲ್ಲಿ ಗೆಳೆಯರೊಂದಿಗೆ ಏರ್‌ಸ್ಪೀಡ್ ಕಂಪನಿ ಆರಂಭಿಸಿದರು. ಅದರ ಆಕ್ಸ್‌ಫರ್ಡ್ ತರಬೇತಿ ವಿಮಾನಗಳು ಎರಡನೇ ಮಹಾಯುದ್ಧದಲ್ಲಿ ಸಾವಿರಾರು ತಯಾರಾದವು. ಶೂಟ್ 1938ರಲ್ಲೇ ಕಂಪನಿ ಬಿಟ್ಟಿದ್ದರು.

1948ರಲ್ಲಿ ನೋ ಹೈವೇ ಎಂಬ ಕಾದಂಬರಿ ಬಂತು. ತಂತಿಯನ್ನು ಒಂದೇ ಸಲ ಎಳೆದರೆ ತುಂಡಾಗದು. ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ತುಂಡಾಗುತ್ತದೆ. ಇದೇ ಲೋಹದ ದಣಿವು. ಹೊಸ ವಿಮಾನವೊಂದರ ಬಾಲದ ರೆಕ್ಕೆ 1440 ಗಂಟೆ ಹಾರಿದ ಮೇಲೆ ಮುರಿಯುತ್ತದೆ ಎಂದು ಹೇಳುವ ಹನಿ ಎಂಬ ವಿಜ್ಞಾನಿಯ ಕಥೆ ಅದು. ಅವನ ಮಾತನ್ನು ಯಾರೂ ನಂಬುವುದಿಲ್ಲ.

ಆರು ವರ್ಷಕ್ಕೆ ಇಂಥದ್ದು ನಿಜವಾಗಿ ನಡೆಯಿತು. ಶೂಟ್ ಹಿಂದೆ ದುಡಿದಿದ್ದ ಡಿ ಹ್ಯಾವಿಲೆಂಡ್ ಕಂಪನಿಯ ಕಾಮೆಟ್ ಜೆಟ್ ವಿಮಾನಗಳೆರಡು 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಇಟಲಿಯ ಬಳಿ ಸಮುದ್ರದ ಮೇಲೆ ಒಡೆದು 56 ಜನ ಸತ್ತರು. ಫಾರ್ನ್‌ಬರೋದಲ್ಲಿ ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಪ್ರಯಾಣಕ್ಕೊಮ್ಮೆ ಉಬ್ಬಿ ಇಳಿಯುವಂತೆ ಒತ್ತಡ ಕೊಟ್ಟರು. ಹಾರಿದ್ದೂ ತೊಟ್ಟಿಯಲ್ಲಿ ಕೊಟ್ಟದ್ದೂ ಸೇರಿ 3057ನೇ ಸಲಕ್ಕೆ ಒಡಲು ಬಿರಿಯಿತು. ಕಿಟಕಿಯಂಥ ಕಿಂಡಿಗಳ ಮೂಲೆಗಳಲ್ಲಿ ಒತ್ತಡ ಸೇರಿಕೊಂಡು ಸೀಳು ಹುಟ್ಟುತ್ತಿತ್ತು. ಕಾರ್ಖಾನೆಯಲ್ಲೂ ಮೊದಲು ಪರೀಕ್ಷೆ ಆಗಿತ್ತು. ಆದರೆ ಅಲ್ಲಿ ಮೊದಲೇ ದುಪ್ಪಟ್ಟು ಒತ್ತಡ ತಿಂದ ತುಂಡನ್ನೇ ಮತ್ತೆ ಮತ್ತೆ ಪರೀಕ್ಷಿಸಿದ್ದರು. ಆ ಮೊದಲ ಹೊಡೆತದಿಂದ ಮೂಲೆಗಳು ಗಟ್ಟಿಯಾಗಿ, ಫಲಿತಾಂಶ ನಿಜಕ್ಕಿಂತ ಚೆನ್ನಾಗಿ ಬಂದಿತ್ತು.

ಕಾಮೆಟ್ ಬೀಳುವುದನ್ನು ಶೂಟ್ ಮೊದಲೇ ಕಂಡಿದ್ದರು ಎನ್ನುವುದು ಸರಿಯಲ್ಲ. ಅವರು ಬರೆದದ್ದು ಬಾಲದ ಬಗ್ಗೆ, ಮುರಿದದ್ದು ಒಡಲು. ಲೋಹದ ದಣಿವು ಎಂಜಿನಿಯರುಗಳಿಗೆ ಹೊಸದೂ ಆಗಿರಲಿಲ್ಲ. ಆದರೆ ಜನಸಾಮಾನ್ಯರಿಗೆ ಅದನ್ನು ತಿಳಿಸಿದ್ದು ಅವರ ಕಥೆ.

1950ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಶೂಟ್ 1960ರ ಜನವರಿ 12ರಂದು ಮೆಲ್ಬರ್ನ್‌ನಲ್ಲಿ ತೀರಿಕೊಂಡರು. ಇಂದು ಪ್ರಯಾಣಿಕ ವಿಮಾನದ ಹೊಸ ಮಾದರಿ ಬಂದರೆ ಅದರ ಒಡಲು ರೆಕ್ಕೆಗಳನ್ನು ಸಾವಿರಾರು ಸಲ ಬಗ್ಗಿಸಿ, ಉಬ್ಬಿಸಿ ನೋಡುತ್ತಾರೆ. ನಮ್ಮ ದೇಶದಲ್ಲಿ ನಾಗರಿಕ ವಿಮಾನಕ್ಕೆ ಯೋಗ್ಯತಾ ಪತ್ರ ಕೊಡುವುದು ಡಿಜಿಸಿಎ; ವಿಮಾನ ಮಾಡಿದ ಕಾರ್ಖಾನೆಯೂ ಅಲ್ಲ, ಹಾರಿಸುವ ಕಂಪನಿಯೂ ಅಲ್ಲ. ಮಾಡಿದವರು ಬೇರೆ, ಪಾಸು ಮಾಡುವವರು ಬೇರೆ ಇರಬೇಕೆಂಬ ಈ ಸರಳ ನಿಯಮಕ್ಕೆ ಜನ ಕೊಟ್ಟ ಬೆಲೆ ಸಣ್ಣದಲ್ಲ.