ಸೇವಾಶೇಷವನ್ನು ತೀರಿಸಿದ ಶ್ರೀ ವಿಜಯದಾಸರು

ಕಾರ್ತಿಕ ಶುದ್ಧ ದಶಮಿಯು ಶ್ರೀ ವಿಜಯದಾಸರ ಪುಣ್ಯದಿನ. ಕೊಳ್ಳೇಗಾಲ, ಹನೂರು, ಯಳಂದೂರು ಪ್ರಾಂತದ ನಾವು ಕಷ್ಟಕಾಲದಲ್ಲಿ ಬಿಳಿಗಿರಿರಂಗನಿಗೆ ಹರಕೆ ಹೊರುತ್ತೇವೆ. ಕಷ್ಟ ಕಳೆದೊಡನೆ ಬರುವ ವರ್ಷಕ್ಕೆಂದು ಮುಂದೂಡುತ್ತೇವೆ. ಅಂಥ ನಮಗೆ ಈ ಮಹನೀಯರ ಚರಿತ್ರೆ ವಿಶೇಷವಾಗಿ ಸ್ಮರಣೀಯ.

ಶ್ರೀ ಪುರಂದರದಾಸರು ವಿಠಲನಿಗೆ 5 ಲಕ್ಷ ಪದಗಳ ಸೇವೆಯನ್ನು ಸಂಕಲ್ಪಿಸಿ, 4,75,000 ರಚಿಸಿ, 1564ರಲ್ಲಿ ಹರಿಪುರ ಸೇರಿದರೆಂಬುದು ಪ್ರತೀತಿ. ಉಳಿದ 25,000ದ ಹೊಣೆ ಪುತ್ರ ಮಧ್ವಪತಿಗಳಿಗೆ ಬಂದಿತು. ಅವರೇ 1682ರಲ್ಲಿ ಮಾನವಿ ಪ್ರಾಂತದ ಚೀಕಲಪರವಿಯಲ್ಲಿ ಶ್ರೀನಿವಾಸಪ್ಪ, ಕೂಸಮ್ಮ ದಂಪತಿಗಳಲ್ಲಿ ಪುನಃ ಜನಿಸಿದರೆಂದು ದಾಸಪರಂಪರೆ ನಂಬಿದೆ. ಬಾಲ್ಯವೆಲ್ಲ ಕಡುಬಡತನ. ಕಾಶಿಯಲ್ಲಿ ಸ್ವಪ್ನಮುಖೇನ ಪುರಂದರದಾಸರಿಂದ ವಿಜಯವಿಠಲಾಂಕಿತ ಪಡೆದು, ಕ್ಷೇತ್ರಸಂಚಾರ ಮಾಡುತ್ತ ಪದ, ಸುಳಾದಿಗಳಿಂದ ಆ ಶೇಷವನ್ನು ತೀರಿಸಿದರು. ಇಂದು ನಮಗೆ ದೊರೆತಿರುವುದು ಅಲ್ಪಭಾಗ, ಲೆಕ್ಕವಿಟ್ಟವನು ಶ್ರೀಹರಿ.

1755ರಲ್ಲಿ ಚಿಪ್ಪಗಿರಿಯಲ್ಲಿ ಹರಿಪಾದವನ್ನು ಸೇರಿದರು.